ನಿಸಿಬಿಸ್ ಗೋಡೆಗೆ ಸುಣ್ಣ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಊರಿನ ನಕ್ಷೆ ಅಂಟಿಸಿದೆ. ಡ್ರಾಯಿಂಗ್ ಹಾಳೆಯ ಮೇಲೆ ಕೈಯಲ್ಲಿ ಬರೆದದ್ದು. ಸುತ್ತ ದಪ್ಪನೆಯ ಗೋಡೆ, ಗೋಡೆಯುದ್ದಕ್ಕೂ ಬುರುಜುಗಳು, ಒಂದು ಬದಿಗೆ ನೀಲಿ ಪೆನ್ಸಿಲ್ಲಿನ ಹೊಳೆ, ಇನ್ನೊಂದು ಬದಿಗೆ ಹೆಬ್ಬಾಗಿಲಿನಿಂದ ಹೊರಟು ಹಾಳೆಯ ಅಂಚಿನವರೆಗೆ ಓಡಿಹೋಗುವ ರಸ್ತೆ. ಮನೆಗೆ ಬಂದ ಕನ್ನಡದವರು ತಣ್ಣೀರಿಗೆಂದು ಅಡುಗೆಮನೆಗೆ ಕಾಲಿಟ್ಟರೆ ಸಾಕು, "ಓಹೋ, ಬಿಜಾಪುರ!" ಎನ್ನುತ್ತಾರೆ. ತಪ್ಪು ಅವರದಲ್ಲ. ನಾನು ಬಿಜಾಪುರದವಳು, ಪರಿಚಯವಾದ ಅರ್ಧ ಗಂಟೆಯೊಳಗೆ ಆ ಸಂಗತಿಯನ್ನು ಎದುರಿಗಿದ್ದವರಿಗೆ ತಿಳಿಸದೆ ಬಿಡುವವಳಲ್ಲ. ಮಗಳು ಅನು ಮಾತ್ರ ಹೋಂವರ್ಕಿನಿಂದ ತಲೆಯೆತ್ತದೆ, "ಅದು ಬಿಜಾಪುರ ಅಲ್ಲ ಲಾ, ನಿಸಿಬಿಸ್" ಎನ್ನುತ್ತಾಳೆ. ಸಿಂಗಪುರದಲ್ಲಿ ಬೆಳೆದ ಮಕ್ಕಳಿಗೆ ಆ 'ಲಾ' ಇಲ್ಲದೆ ವಾಕ್ಯ ಮುಗಿಯುವುದಿಲ್ಲ. ಬಂದವರು ಈಗ ನನ್ನ ಮುಖ ನೋಡುತ್ತಾರೆ. ನಕ್ಷೆಯಲ್ಲಿ ಗೋಡೆಯ ಹೊರಗೆ, ರಸ್ತೆಯ ಪಕ್ಕ, ಪೆನ್ಸಿಲ್ಲಿನ ಎರಡು ಪುಟ್ಟ ಚೌಕಗಳಿವೆ. ಅವೇನೆಂದು ಇಂದಿನವರೆಗೆ ಯಾರೂ ಕೇಳಿಲ್ಲ. ನೀವಾದರೂ ಕೇಳಿದಿರಿ ಎಂದುಕೊಂಡು ಹೇಳುತ್ತೇನೆ.

ಹೇಳುವ ಮೊದಲು ಬಿಜಾಪುರದ ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ಬೇಡ ಎಂದರೂ ಹೇಳುವವಳೇ. ನಮ್ಮ ಮನೆ ಇದ್ದದ್ದು ಕೋಟೆಗೋಡೆಗೆ ಬೆನ್ನು ಕೊಟ್ಟುಕೊಂಡು. ಹಿತ್ತಲ ಬಾಗಿಲು ತೆಗೆದರೆ ಸುಲ್ತಾನರ ಗೋಡೆ. ನಮ್ಮಜ್ಜಿ ಅದಕ್ಕೆ ಸಾಲಾಗಿ ಕುಳ್ಳು ತಟ್ಟುತ್ತಿದ್ದಳು. ದೊಡ್ಡ ದೊಡ್ಡ ದಂಡುಗಳ ಫಿರಂಗಿಗೆ ಜಗ್ಗದ ಗೋಡೆ ನಮ್ಮಜ್ಜಿಯ ಸಗಣಿಗೆ ಶರಣಾಗಿತ್ತು. ಬೇಸಿಗೆಯಲ್ಲಿ ಬುರುಜಿನ ಮೇಲೆ ಶಾವಿಗೆ ಒಣಗುತ್ತಿತ್ತು, ಅದನ್ನು ಕಾಗೆಯಿಂದ ಕಾಯುವ ಕೆಲಸ ನನ್ನದು. ಕಾಯುತ್ತ ಕಾಯುತ್ತ ಅರ್ಧ ನಾನೇ ತಿನ್ನುತ್ತಿದ್ದೆ, ಹಸೀ ಶಾವಿಗೆಯ ರುಚಿ ಗೊತ್ತಿಲ್ಲದವರಿಗೆ ಏನು ಹೇಳಿದರೂ ವ್ಯರ್ಥ. ಕಂದಕದಲ್ಲಿ ನೀರು ಇರುತ್ತಿರಲಿಲ್ಲ, ಜಾಲಿ ಇರುತ್ತಿತ್ತು. ದಸರಾ ಬಂದರೆ ಮನೆಗೆ ಸುಣ್ಣ ಹಚ್ಚುವಾಗ ಬಕೆಟ್ಟಿನಲ್ಲಿ ಉಳಿದ ಸುಣ್ಣವನ್ನು ಅಜ್ಜಿ ಕೋಟೆಗೋಡೆಗೂ ಬಳಿದುಬಿಡುತ್ತಿದ್ದಳು. "ಸರಕಾರದ ಗೋಡೆ ಅಜ್ಜೀ" ಎಂದರೆ, "ಸರಕಾರ ಬಂದು ಹಚ್ಚತೈತೇನ?" ಎನ್ನುತ್ತಿದ್ದಳು. ಹೀಗೆ ಬೆಳೆದವಳಿಗೆ ಗೋಡೆಯ ವಿಷಯದಲ್ಲಿ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ನಂಬಿದ್ದರೆ ಆಶ್ಚರ್ಯವೇನು?

ಸಿಂಗಪುರಕ್ಕೆ ಬಂದ ಮೇಲೆ ಅಲ್ಲಿ ಇಲ್ಲಿ ಬಾಡಿಗೆಗಿದ್ದು, ಕೊನೆಗೆ ಬೆಡೋಕ್‌ನಲ್ಲಿ ಒಂದು ಹಳೇ ಅಪಾರ್ಟ್‌ಮೆಂಟ್ ಕೊಂಡೆವು. ಲಿಫ್ಟ್ ಇಲ್ಲದ, ಮೆಟ್ಟಿಲು ಹತ್ತಿಕೊಂಡೇ ಹೋಗಬೇಕಾದ ಗಿಡ್ಡ ಕಟ್ಟಡಗಳು, ಸುತ್ತ ಪಾಚಿ ಹಿಡಿದ ಕಂಪೌಂಡ್ ಗೋಡೆ. ಗೋಡೆ ನೋಡಿದ ಕೂಡಲೇ ನಾನು ಇದೇ ಮನೆ ಎಂದುಬಿಟ್ಟೆ. ನನ್ನ ಯಜಮಾನರು ಬಸವರಾಜ ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯೊಂದರ ಆಫೀಸಿನಲ್ಲಿ ಕೆಲಸದವರು. ಬೆಡೋಕ್‌ನಿಂದ ಅಲ್ಲಿಗೆ ಹೋಗುವುದೆಂದರೆ ದ್ವೀಪದ ಈ ತುದಿಯಿಂದ ಆ ತುದಿಗೆ. "ಗೋಡಿ ನೋಡಿ ಯಾರರ ಮನೀ ತಗೋತಾರೇನ?" ಎಂದು ಅವರು ಆಗಲೂ ಕೇಳಿದ್ದರು, ಈಗಲೂ ಕೇಳುತ್ತಾರೆ.

ಮರಿಯಮ್ಮ ಟೀಚರ್ ಸಿಕ್ಕಿದ್ದು ಆ ಮೆಟ್ಟಿಲ ಮೇಲೆಯೇ. ಮಾರ್ಕೆಟ್ಟಿನಿಂದ ಮೆಂತ್ಯ ತನ್ನಿ ಎಂದರೆ ಬಸವರಾಜ್ ಕೊತ್ತಂಬರಿ ತಂದಿದ್ದರು. ಬಾಗಿಲಲ್ಲೇ ನಿಲ್ಲಿಸಿಕೊಂಡು ನಾನು ನಾಲ್ಕು ಮಾತು ಅನ್ನುತ್ತಿದ್ದೆ. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮೇಲಿನ ಮಹಡಿಯಿಂದ ಒಂದು ಧ್ವನಿ ಬಂತು: "ಬಿಡ್ರೀ ಅಮ್ಮಾ ಪಾಪ, ಗಂಡಸ್ರಿಗೆ ಎಲ್ಲಾ ಸೊಪ್ಪೂ ಒಂದೇ." ತಲೆಯೆತ್ತಿದರೆ ಬಿಳಿ ಹತ್ತಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಮಾರ್ಕೆಟ್ಟಿನ ಚೀಲ. ತಿರುವಲ್ಲಾ ಕಡೆಯವರು. ಮದುವೆಗೆ ಮುಂಚೆ ಬಳ್ಳಾರಿಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದರಂತೆ, ಆಮೇಲೆ ಹಡಗಿನ ಎಂಜಿನಿಯರನ್ನು ಮದುವೆಯಾಗಿ ಇಲ್ಲಿಗೆ ಬಂದು ಇಲ್ಲೂ ಟೀಚರೇ ಆಗಿ ರಿಟೈರ್ ಆದವರು. ಎಂಜಿನಿಯರ್ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಆದರೂ ಸಂಜೆಯಾದರೆ ಅವರ ಮನೆ ತುಂಬ ಮಕ್ಕಳು. ಬ್ಲಾಕಿನ ಹುಡುಗರೆಲ್ಲ ಹೋಂವರ್ಕಿಗೆ ಅಲ್ಲೇ. ನಮ್ಮ ಅನುವಂತೂ ಊಟಕ್ಕೆ ಮಾತ್ರ ಕೆಳಗಿಳಿಯುತ್ತಿದ್ದಳು.

ಒಂದು ಸಂಜೆ ನಾನು ಅವರ ಸೋಫಾದ ಮೇಲೆ ಕೂತು ಬಿಜಾಪುರದ ಗೋಡೆಯನ್ನು ಬಣ್ಣಿಸುತ್ತಿದ್ದೆ. ಟೀಚರ್ ಮರಗೆಣಸಿನ ಚಿಪ್ಸಿನ ಡಬ್ಬಿ ನನ್ನ ಮುಂದೆ ತಳ್ಳಿ, ಏನೂ ದೊಡ್ಡದಲ್ಲವೆಂಬಂತೆ, "ನಮ್ಮೂರಿನ ಗೋಡೆ ಅದಕ್ಕಿಂತ ಹಳೇದು" ಎಂದರು.

"ತಿರುವಲ್ಲಾದಲ್ಲಿ ಎಲ್ಲಿದೆ ಟೀಚರ್ ಗೋಡೆ?"

"ತಿರುವಲ್ಲಾ ಅಲ್ಲಮ್ಮ. ನಿಸಿಬಿಸ್."

ಆ ಊರಿಗೆ ಅವರು ಹೋದವರೇ ಅಲ್ಲ. ಅವರ ಅಪ್ಪನೂ ಹೋಗಿರಲಿಲ್ಲ, ಅಜ್ಜನೂ ಹೋಗಿರಲಿಲ್ಲ. ಟರ್ಕಿ ಮತ್ತು ಸಿರಿಯಾದ ಗಡಿಯಲ್ಲಿ ಇಂದು ಅದೊಂದು ಸಣ್ಣ ಪಟ್ಟಣ, ಪಕ್ಕದಲ್ಲೇ ತಂತಿಬೇಲಿ. ಆದರೆ ಟೀಚರ್ ಇಗರ್ಜಿಯಲ್ಲಿ ಹೇಳುವ ಹಳೆಯ ಪ್ರಾರ್ಥನೆಗಳಿವೆಯಲ್ಲ, ಅವುಗಳ ಭಾಷೆ ಸುರಿಯಾನಿ. ಒಂದಾನೊಂದು ಕಾಲದಲ್ಲಿ ಆ ಭಾಷೆಯಲ್ಲಿ ಹಾಲು ಕೊಂಡು, ಜಗಳ ಆಡಿ, ಮಕ್ಕಳಿಗೆ ಬೈದು ಬಾಳಿದ ಊರುಗಳಲ್ಲಿ ನಿಸಿಬಿಸ್ ಒಂದು. "ನಾನು ದೇವರ ಹತ್ತಿರ ಮಾತಾಡೋ ಭಾಷೆ ಅವರ ಮನೆ ಮಾತು. ಅಂದಮೇಲೆ ನಮ್ಮೂರಲ್ಲವಾ?" ಎಂದರು ಟೀಚರ್. ಅನುವಿಗೆ ಅವರು 'ಶ್ಲೋಮೋ' ಎಂದು ನಮಸ್ಕಾರ ಹೇಳುವುದನ್ನು ಕಲಿಸಿದ್ದರು. ಅವಳು ಅದಕ್ಕೂ 'ಲಾ' ಸೇರಿಸಿದ್ದಳು.

ಈ ನಿಸಿಬಿಸ್ ಕೂತದ್ದೇ ಇಕ್ಕಟ್ಟಿನ ಜಾಗದಲ್ಲಿ. ಪಶ್ಚಿಮಕ್ಕೆ ರೋಮ್, ಪೂರ್ವಕ್ಕೆ ಪರ್ಷಿಯಾ, ನಡುವೆ ಇದು. ಇಂದು ಇವರದು, ನಾಳೆ ಅವರದು. ಎರಡು ಸಾಮ್ರಾಜ್ಯಗಳ ನಡುವಿನ ಸರಕೆಲ್ಲ ಈ ಊರಿನ ಮೂಲಕವೇ ಸಾಗಬೇಕು ಎಂದು ಒಮ್ಮೆ ಕರಾರೂ ಆಗಿತ್ತಂತೆ. ಇದನ್ನು ಕೇಳಿ ಬಸವರಾಜರಿಗೆ ಊರಿನ ಮೇಲೆ ಗೌರವ ಹುಟ್ಟಿತು. "ಅಂದ್ರ ಆಗಿನ ಕಾಲದ ಸಿಂಗಪುರ ಅನ್ರಿ" ಎಂದರು. ರೇಷ್ಮೆ ತುಂಬಿದ ಒಂಟೆಗಳ ಸಾಲನ್ನು ಅವರು ಕಂಟೇನರುಗಳಂತೆ ಒಂದರ ಮೇಲೊಂದು ಪೇರಿಸುತ್ತಿದ್ದುದು ನನಗೆ ಕಂಡಿತು.

ನನಗೆ ಹಿಡಿಸಿದ್ದು ಮುತ್ತಿಗೆಯ ಕಥೆಗಳು. ಪರ್ಷಿಯಾದ ರಾಜ ಮೂರು ಸಲ ಮುತ್ತಿದ. ಮೂರು ಸಲವೂ ಊರು ಬಗ್ಗಲಿಲ್ಲ. ಒಮ್ಮೆಯಂತೂ ಅವನು ಹೊಳೆಗೇ ಕಟ್ಟೆ ಕಟ್ಟಿ, ನೀರು ನಿಲ್ಲಿಸಿ, ಗೋಡೆಯ ಮೇಲೆ ನುಗ್ಗಿಸಿದ. ಗೋಡೆಯ ಒಂದು ಭಾಗ ಧಡಾರನೆ ಬಿತ್ತು. ಸರಿ, ಇನ್ನೇನು ಮುಗಿಯಿತು ಎಂದು ಆನೆಗಳನ್ನು ಬಿಟ್ಟರೆ, ಅದೇ ನೀರಿನ ಕೆಸರಿನಲ್ಲಿ ಆನೆಗಳು ಹೂತು ನಿಂತವು. ಅಷ್ಟರಲ್ಲಿ ಊರಿನವರು ಬಿದ್ದ ಗೋಡೆಯ ಹಿಂದೆ ಹೊಸ ಗೋಡೆ ಎಬ್ಬಿಸಿಬಿಟ್ಟಿದ್ದರು. "ಭಲೇ!" ಎಂದು ನಾನು ಚಪ್ಪಾಳೆ ತಟ್ಟಿದೆ. ಇನ್ನೊಂದು ಕಥೆಯಲ್ಲಿ ಊರಿನ ಮುದಿ ಬಿಷಪ್ಪರು ಗೋಡೆ ಹತ್ತಿ ಪ್ರಾರ್ಥಿಸುತ್ತಾರೆ. ಎಲ್ಲಿಂದಲೋ ಸೊಳ್ಳೆಗಳ ದಂಡು ಬಂದು ಆನೆಗಳ ಸೊಂಡಿಲಿಗೂ ಕುದುರೆಗಳ ಮೂಗಿಗೂ ನುಗ್ಗುತ್ತದೆ, ಶತ್ರುಸೈನ್ಯ ದಿಕ್ಕಾಪಾಲು. ಈ ಕಥೆಯನ್ನು ಅನು ನಂಬಲಿಲ್ಲ. ಸಿಂಗಪುರದ ಮಗು, ಪಾಪ. ಹೂಕುಂಡದ ತಟ್ಟೆಯಲ್ಲಿ ನೀರು ನಿಂತರೆ ಇನ್ಸ್‌ಪೆಕ್ಟರು ಬಂದು ದಂಡ ಹಾಕುವ ಊರಿನಲ್ಲಿ ಸೊಳ್ಳೆ ದೇವರ ಕಡೆಯದು ಎಂದರೆ ಹೇಗೆ ನಂಬೀತು?

ಆಮೇಲೇನಾಯಿತು ಎಂದು ನಾನು ಕೇಳಲಿಲ್ಲ. ಗೋಡೆ ಗೆದ್ದಿತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಸಿಂಗಪುರಕ್ಕೆ ಆ ಜ್ವರ ಬಂತು. ಆ ವರ್ಷಗಳಲ್ಲಿ ಇಲ್ಲಿದ್ದವರಿಗೆ ನೆನಪಿದ್ದೀತು, ಎಲ್ಲಿ ನೋಡಿದರೂ ಕ್ರೇನು, ಯಾರ ಬಾಯಲ್ಲೂ 'ಎನ್‌ಬ್ಲಾಕ್'. ಅಂದರೆ ಒಂದು ಹಳೆಯ ಅಪಾರ್ಟ್‌ಮೆಂಟಿನ ಮನೆಯವರೆಲ್ಲ ಸೇರಿ ಇಡೀ ಜಾಗವನ್ನೇ ಬಿಲ್ಡರಿಗೆ ಮಾರುವುದು. ಅವನು ಎಲ್ಲವನ್ನೂ ಕೆಡವಿ ಮುಗಿಲುಮುಟ್ಟುವ ಕಾಂಡೋ ಕಟ್ಟುತ್ತಾನೆ. ಐದರಲ್ಲಿ ನಾಲ್ಕು ಪಾಲು ಒಪ್ಪಿದರೆ ಮುಗಿಯಿತು, ಉಳಿದ ಒಂದು ಪಾಲಿನವರು ಅತ್ತರೂ ಕರೆದರೂ ಗಂಟುಮೂಟೆ ಕಟ್ಟಲೇಬೇಕು. ಇಂದು ಆ ಬೀದಿಯದು ಹೋಯಿತಂತೆ, ನಾಳೆ ಈ ಬೀದಿಯದಂತೆ ಎಂಬ ಸುದ್ದಿ ಮಾರ್ಕೆಟ್ಟಿನಲ್ಲಿ ಮೀನಿನ ಜೊತೆ ಬರುತ್ತಿತ್ತು. ನಮ್ಮಲ್ಲೂ ಕಮಿಟಿಯಾಯಿತು. ಅಧ್ಯಕ್ಷರು ಕೆಳಮನೆಯ ಲಿಮ್ ಅಂಕಲ್. ಸದಾ ಬನಿಯನ್ನಿನಲ್ಲೇ ಇರುತ್ತಿದ್ದವರು ಅಂದಿನಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ಟಿಲು ಹತ್ತಿಳಿಯತೊಡಗಿದರು.

ಬಸವರಾಜರಿಗೆ ಹಬ್ಬ. "ನೋಡು ಶಶಿ, ಎಲ್ಲಾರೂ ಸಹಿ ಮಾಡ್ಲಿಕತ್ತಾರ. ಪಾಸಿರ್ ಪಂಜಾಂಗ್ ಕಡೆ ಹೊಸಾ ಕಾಂಡೋ ನೋಡೂಣು. ಲಿಫ್ಟ್ ಇರ್ತದ, ಸ್ವಿಮ್ಮಿಂಗ್ ಪೂಲ್ ಇರ್ತದ."

"ನಿಮಗೆ ಈಜು ಬರ್ತದೇನ್ರಿ?"

"ಬರೂದಿಲ್ಲ. ನೋಡ್ಕೋತ ಕೂಡ್ತೇನಿ."

"ಹಂಗಾರ ನಾ ಬಕೀಟಿನ್ಯಾಗ ನೀರು ಹಿಡದು ಇಡ್ತೇನಿ, ನೋಡ್ಕೋತ ಕೂಡ್ರಿ" ಎಂದು ನಾನು ಮಾತು ಮುಗಿಸಿದೆ. ಮನೆ ಇಬ್ಬರ ಹೆಸರಿನಲ್ಲೂ ಇತ್ತು, ನನ್ನ ಸಹಿಯಿಲ್ಲದೆ ಅವರ ಸಹಿ ನಡೆಯುತ್ತಿರಲಿಲ್ಲ. ಮರಿಯಮ್ಮ ಟೀಚರ್ ಕೂಡ ಸಹಿ ಹಾಕಿರಲಿಲ್ಲ. ಲಿಮ್ ಅಂಕಲ್ ಕೇಳಿದಾಗಲೆಲ್ಲ "ಲೇಟರ್, ಲೇಟರ್" ಎನ್ನುತ್ತಿದ್ದರಂತೆ. ನನಗೆ ಅಷ್ಟೇ ಬೇಕಿತ್ತು. ನಿಸಿಬಿಸ್‌ನ ಹೆಣ್ಣುಮಗಳು ಮೇಲೆ, ಬಿಜಾಪುರದ ಹೆಣ್ಣುಮಗಳು ಕೆಳಗೆ, ಇಬ್ಬರೂ ಇರುವವರೆಗೆ ಈ ಗೋಡೆಯ ಒಂದು ಇಟ್ಟಿಗೆ ಅಲುಗದು ಎಂದು ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ. ಸತ್ಯ ಹೇಳಬೇಕೆಂದರೆ ನನಗೆ ಒಳಗೊಳಗೇ ಭಯವಿತ್ತು. ಮನೆ ಹೋದರೆ ಇನ್ನೊಂದು ಮನೆ ಸಿಕ್ಕೀತು. ಮೇಲಿನ ಮಹಡಿಯಿಂದ "ಬಿಡ್ರೀ ಅಮ್ಮಾ" ಎನ್ನುವವರನ್ನು ಎಲ್ಲಿಂದ ತರಲಿ? ನನಗೆ ಈ ಊರಿನಲ್ಲಿ ಇದ್ದ ಒಬ್ಬರೇ ಗೆಳತಿ ಅವರು.

ಸಹಿ ಹಾಕದ ಇನ್ನೂ ಕೆಲವು ಮನೆಗಳಿದ್ದವು, ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂದು ಕೂತವು. ಅವರ ಮನಸ್ಸು ಗಟ್ಟಿ ಮಾಡಬೇಕಲ್ಲ? ನಾನು ಅಜ್ಜಿಯ ದಾರಿ ಹಿಡಿದೆ. ಕಮಿಟಿಯವರ ದೊಡ್ಡ ದೂರು, ಜಾಗ ಹಳೆಯದಾಗಿದೆ, ಗೋಡೆ ಪಾಚಿಗಟ್ಟಿದೆ ಎಂಬುದು. ಸರಿ, ದೀಪಾವಳಿ ಬಂತು, ನಮ್ಮಲ್ಲಿ ಹಬ್ಬಕ್ಕೆ ಸುಣ್ಣ ಹಚ್ಚುವುದು ಪದ್ಧತಿ, ಕಂಪೌಂಡ್ ಗೋಡೆಗೆ ನಾವೇ ಬಣ್ಣ ಹಚ್ಚುತ್ತೇವೆ ಎಂದು ಲಿಮ್ ಅಂಕಲ್ ಬಳಿ ಹೋಗಿ ಹೇಳಿದೆ. "ಕ್ಯಾನ್, ಕ್ಯಾನ್, ವೈ ನಾಟ್?" ಎಂದು ಅವರು ನಕ್ಕರು. ಆ ನಗುವನ್ನು ನೋಡಿಯೇ ನನಗೆ ಬುದ್ಧಿ ಬರಬೇಕಿತ್ತು.

ಭಾನುವಾರ ಬೆಳಗ್ಗೆ ಬೆಡೋಕ್‌ನ ಕನ್ನಡ ಮನೆಗಳವರನ್ನೆಲ್ಲ ಎಳೆದುಕೊಂಡು ಬಂದೆ. ಮೈಸೂರು ಕಡೆಯ ಬ್ಯಾಂಕಿನವರು, ಎಂಜಿನಿಯರುಗಳು, ಬ್ರಶ್ಶು ಹಿಡಿದು ಗೊತ್ತಿಲ್ಲದವರು, ಪ್ಯಾಂಟು ಮಡಚಿಕೊಂಡು ನಿಂತರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ, ಪಾಚಿ ಕೆರೆಸಿದೆ, ಬಿರುಕು ತುಂಬಿಸಿದೆ, ಎರಡು ಕೋಟು ಬಳಿಸಿದೆ. ಟೀಚರ್ ಮೇಲಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಕೆಳಗೆ ಬನ್ನಿ ಎಂದರೆ, "ಇಲ್ಲಿಂದಾನೇ ಚೆನ್ನಾಗಿ ಕಾಣುತ್ತೆ" ಎಂದರು. ಮಧ್ಯಾಹ್ನ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಂಜೆ ಗೋಡೆಯ ಉದ್ದಕ್ಕೂ ಹಣತೆ ಇಟ್ಟೆವು. ಚೀನೀ ಅಜ್ಜಿಯರು, ಮಲಯ್ ಮಕ್ಕಳು, ಎಲ್ಲರೂ ಹೊರಗೆ ಬಂದು ನಿಂತು ನೋಡಿದರು. ಇಷ್ಟು ಚೆಂದದ ಜಾಗವನ್ನು ಯಾರು ಮಾರುತ್ತಾರೆ ಎಂದು ನಾನು ಗೆದ್ದವಳಂತೆ ನಿಂತಿದ್ದೆ.

ಮರುವಾರ ಲಿಮ್ ಅಂಕಲ್ ಒಂದು ಬುಟ್ಟಿ ಕಿತ್ತಳೆ ಹಿಡಿದುಕೊಂಡು ಬಾಗಿಲಿಗೆ ಬಂದರು. "ಥ್ಯಾಂಕ್ಯೂ ಆ, ಮಿಸೆಸ್ ರಾಜ್! ಬಿಲ್ಡರ್ ಕಮ್ ಅಂಡ್ ಸೀ, ಸೋ ನೈಸ್, ಸೋ ಕ್ಲೀನ್!" ಗೋಡೆ ನೋಡಿ ಖುಷಿಯಾದ ಬಿಲ್ಡರ್ ಹೆಚ್ಚಿನ ದರ ಹೇಳಿದ್ದನಂತೆ. ಅನುಮಾನದಲ್ಲಿ ಕೂತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಓಡಿಹೋಗಿ ಸಹಿ ಹಾಕಿದ್ದರಂತೆ. ಇನ್ನು ಒಂದೇ ಮನೆ ಒಪ್ಪಿದರೆ ಲೆಕ್ಕ ತುಂಬುತ್ತದೆ ಎಂದರು. ಬಸವರಾಜ್ ಸೋಫಾದ ಮೇಲೆ ಮಗುಚಿ ಬಿದ್ದು ನಗುತ್ತಿದ್ದರು. "ಶತ್ರುಗೋಳಿಗೆ ಬಾಗಿಲಾ ತೆಗಿಯೂದಲ್ಲದ ರಂಗೋಲೀನೂ ಹಾಕಿದಿ ನೋಡು" ಎಂದರು. ಆ ಕಿತ್ತಳೆಯನ್ನು ನಾನು ಮುಟ್ಟಲಿಲ್ಲ. ಅಪ್ಪ ಮಗಳು ತಿಂದು ಮುಗಿಸಿದರು.

ಅಷ್ಟಕ್ಕೆಲ್ಲ ಸೋಲುವವಳು ನಾನಲ್ಲ. ನಮ್ಮ ಭಾಗದ ಕನ್ನಡದವರು ತಿಂಗಳಿಗೊಮ್ಮೆ ಕೆಳಗಿನ ಫಂಕ್ಷನ್ ರೂಮಿನಲ್ಲಿ ಸೇರುತ್ತಿದ್ದೆವು. ಯಾರಾದರೊಬ್ಬರು ಮಾತಾಡುವುದು, ಆಮೇಲೆ ಬಿಸಿಬೇಳೆಭಾತು. ವಿಷಯ ಹೆಚ್ಚಾಗಿ ಮೈಕ್ರೋವೇವಿನಲ್ಲಿ ಮೈಸೂರುಪಾಕು ಮಾಡುವುದು ಹೇಗೆ ಎಂಬಂಥದ್ದು. ಈ ಸಲ ಮರಿಯಮ್ಮ ಟೀಚರ್ ನಿಸಿಬಿಸ್ ಬಗ್ಗೆ ಮಾತಾಡುತ್ತಾರೆ, ಬ್ಲಾಕಿನವರೆಲ್ಲ ಬರಬೇಕು ಎಂದು ನಾನೇ ಮನೆಮನೆಗೂ ಹೋಗಿ ಕರೆದೆ. ಆನೆ, ಸೊಳ್ಳೆ, ಎದ್ದು ನಿಂತ ಗೋಡೆ, ಇವನ್ನು ಕೇಳಿದರೆ ಸಹಿ ಹಾಕಿದವರೂ ನಾಚಿಕೊಂಡು ವಾಪಸ್ ತೆಗೆದುಕೊಳ್ಳಲಿ ಎಂಬುದು ನನ್ನ ಹಂಚಿಕೆ. "ಚೆನ್ನಾಗಿ ಬಿಸಿ ಏರೋ ಹಾಗೆ ಹೇಳಿ ಟೀಚರ್" ಎಂದೆ. "ಹೇಳ್ತೀನಿ, ಪೂರ್ತಿ ಹೇಳ್ತೀನಿ" ಎಂದರು.

ಅವರು ಡ್ರಾಯಿಂಗ್ ಹಾಳೆಯ ಮೇಲೆ ನಕ್ಷೆ ಬರೆದು ತಂದಿದ್ದರು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ, ನಡುನಡುವೆ ಕನ್ನಡ ಸೇರಿಸಿ ಹೇಳಿದರು. ಬಳ್ಳಾರಿಯ ಮಕ್ಕಳು ಪುಣ್ಯ ಮಾಡಿದ್ದರು, ಅಂಥ ಪಾಠ. ಆನೆ ಹೂತುಹೋದಾಗ ಮುಂದಿನ ಸಾಲಿನ ಮಕ್ಕಳು ಕೇಕೆ ಹಾಕಿದರು. ಗೋಡೆ ಎದ್ದಾಗ ನಾನು ಹಿಂದೆ ತಿರುಗಿ ಲಿಮ್ ಅಂಕಲ್ ಮುಖ ನೋಡಿದೆ. ಇಲ್ಲಿಗೆ ನಿಲ್ಲಿಸಿ ಎಂದು ಟೀಚರಿಗೆ ಕಣ್ಸನ್ನೆ ಮಾಡಿದೆ. ಅವರು ನಿಲ್ಲಿಸಲಿಲ್ಲ.

ಆಮೇಲೆ ರೋಮ್‌ನ ಚಕ್ರವರ್ತಿಯೊಬ್ಬ ಪರ್ಷಿಯಾದೊಳಗೆ ದಂಡೆತ್ತಿ ಹೋಗಿ ಅಲ್ಲೇ ಸತ್ತ. ದಂಡು ಹಸಿದು ಕಂಗಾಲು. ಹೊಸದಾಗಿ ಪಟ್ಟಕ್ಕೆ ಬಂದವನು ತಾನು ಬದುಕಿ ಬಂದರೆ ಸಾಕೆಂದು ಒಪ್ಪಂದ ಮಾಡಿಕೊಂಡ. ಒಪ್ಪಂದದಲ್ಲಿ ಬಿಟ್ಟುಕೊಟ್ಟದ್ದರಲ್ಲಿ ನಿಸಿಬಿಸ್ ಕೂಡ ಒಂದು. ಮೂರು ಮುತ್ತಿಗೆಗೆ ಜಗ್ಗದ ಊರು ಒಂದು ಸಹಿಗೆ ಹೋಯಿತು. ಊರಿನವರು ಚಕ್ರವರ್ತಿಯ ಮುಂದೆ ಕೈಮುಗಿದು ನಿಂತರು. ನಿಮ್ಮ ದಂಡು ಬೇಡ, ದುಡ್ಡು ಬೇಡ, ನಮ್ಮ ಗೋಡೆಯನ್ನು ನಾವೇ ಕಾಯ್ದುಕೊಳ್ಳುತ್ತೇವೆ, ನಮ್ಮನ್ನು ಇಲ್ಲೇ ಬಿಡಿ ಎಂದು ಅತ್ತರು. ಅವನು ಕೇಳಲಿಲ್ಲ. ಕೆಲವೇ ದಿನಗಳಲ್ಲಿ ಊರು ಖಾಲಿಯಾಗಬೇಕು ಎಂದ. ಜನ ಕೈಗೆ ಸಿಕ್ಕಿದ್ದನ್ನು ಹೊತ್ತು, ಅಳುತ್ತ, ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತ ಹೊರಟರು. ಊರು ಕಾಯುತ್ತಾರೆಂದು ಗೋಡೆಯೊಳಗೆ ಹೂತಿದ್ದ ಆ ಹಳೆಯ ಬಿಷಪ್ಪರ ಎಲುಬುಗಳನ್ನೂ ತೆಗೆದುಕೊಂಡು ಹೋದರಂತೆ. ಇಷ್ಟೆಲ್ಲ ಯಾಕೆ ಹೇಳಬೇಕಿತ್ತು ಎಂದು ನನಗೆ ಸಿಟ್ಟು ಬಂತು.

"ಹೋದವರು ಏನಾದ್ರು?" ಎಂದು ಯಾರೋ ಕೇಳಿದರು.

"ಇನ್ನೊಂದು ಊರಿನ ಗೋಡೆ ಹೊರಗೆ ಎಲ್ಲರೂ ಅಕ್ಕಪಕ್ಕ ಮನೆ ಮಾಡ್ಕೊಂಡ್ರು. ಅದಕ್ಕೂ ನಿಸಿಬಿಸ್ ಅಂತಾನೇ ಕರೀತಿದ್ರು ಅಂತ ಒಂದು ಹಳೇ ಮಾತಿದೆ" ಎಂದರು ಟೀಚರ್. "ಅವರ ಪಾಠಶಾಲೆ ಎಡೆಸ್ಸಾ ಅನ್ನೋ ಊರಿಗೆ ಹೋಯ್ತು. ತಲೆಮಾರುಗಳಾದ ಮೇಲೆ ಅಲ್ಲಿಂದಲೂ ಓಡಿಸಿದ್ರು, ಆವಾಗ ಟೀಚರುಗಳೆಲ್ಲ ವಾಪಸ್ ನಿಸಿಬಿಸ್‌ಗೇ ಬಂದ್ರು. ಪರ್ಷಿಯಾದವರ ಊರಲ್ಲಿ ಕೂತು ಮತ್ತೆ ಪಾಠ ಶುರು ಮಾಡಿದ್ರು. ದೂರ ದೂರದಿಂದ ಹುಡುಗರು ಓದೋಕೆ ಬರ್ತಿದ್ರು."

ಲಿಮ್ ಅಂಕಲ್ ಎದ್ದು ನಿಂತರು. ಅವರಿಗೆ ಮಾತು ತಡವರಿಸುತ್ತಿತ್ತು. ಅವರು ಹುಟ್ಟಿದ್ದು ಇದೇ ಬೆಡೋಕ್‌ನ ಕಡಲ ದಂಡೆಯ ಹಳ್ಳಿಯೊಂದರಲ್ಲಿ, ತಗಡಿನ ಮನೆಯಲ್ಲಿ. ಹಳ್ಳಿ ಕೆಡವಿ ಫ್ಲಾಟು ಕಟ್ಟಿದಾಗ ಅವರ ಅಮ್ಮ ಬೇರೇನನ್ನೂ ಹೊರಲಿಲ್ಲವಂತೆ, ಮಾಂಸ ಕೊಚ್ಚುವ ಮರದ ದಿಮ್ಮಿಯೊಂದನ್ನು ಎದೆಗವಚಿಕೊಂಡು ಬಂದಳಂತೆ. "ಎವ್ರಿಬಡಿ ಲಾಫ್. ನೌ ಸ್ಟಿಲ್ ಇನ್ ಮೈ ಕಿಚನ್" ಎಂದು ಹೇಳಿ ಕೂತುಬಿಟ್ಟರು. ಇಸ್ತ್ರಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. ಆ ಮನುಷ್ಯನನ್ನು ಇಷ್ಟು ದಿನ ಪರ್ಷಿಯಾದ ರಾಜ ಎಂದುಕೊಂಡಿದ್ದೆನಲ್ಲ ಎಂದು ನನಗೆ ಪಿಚ್ಚೆನಿಸಿತು.

ಊಟ ಮುಗಿಯುವುದರೊಳಗೆ ಟೀಚರ್ ಲಿಮ್ ಅಂಕಲ್ ಹತ್ತಿರ ಹೋಗಿ ಪೆನ್ನು ಕೇಳಿದರು. ನನ್ನ ಕಣ್ಣೆದುರಿಗೇ, ಬಿಸಿಬೇಳೆಭಾತಿನ ಪಾತ್ರೆಯ ಪಕ್ಕದಲ್ಲಿ, ಸಹಿ ಹಾಕಿದರು. ಬೇಕಾಗಿದ್ದ ಆ ಒಂದು ಮನೆ ಅವರದಾಯಿತು.

ನಾನು ಅವರ ಹಿಂದೆಯೇ ಮೆಟ್ಟಿಲು ಹತ್ತಿದೆ. ಮೂಗಿನ ತುದಿಯ ಸಿಟ್ಟು ನನ್ನದು. "ಗೋಡೆ ಕಾಯೋರು ಅಂದ್ಕೊಂಡಿದ್ದೆ, ನೀವೇ ಬಾಗಿಲು ತೆಗೆದುಬಿಟ್ರಲ್ಲ ಟೀಚರ್! ಆ ಕಥೆ ಅರ್ಧಕ್ಕೆ ನಿಲ್ಲಿಸೋಕೆ ಏನಾಗಿತ್ತು ನಿಮಗೆ?"

"ಅರ್ಧ ಇತಿಹಾಸ ಹೇಳೋದು ಟೀಚರ್ ಕೆಲಸ ಅಲ್ಲಮ್ಮ." ಅವರು ಪಕ್ಕದ ಕಂಬಿ ಹಿಡಿದು ಮಧ್ಯದ ಮೆಟ್ಟಿಲಲ್ಲಿ ನಿಂತರು. "ನಿಮ್ಮ ಬಿಜಾಪುರದ ಗೋಡೆ ಬಿತ್ತಾ ಶಶಿ?"

"ಬೀಳಲಿಲ್ಲ. ಇವತ್ತಿಗೂ ನಿಂತಿದೆ."

"ಗೋಡೆ ನಿಂತಿದೆ. ಊರು?"

ದಿಲ್ಲಿಯ ದಂಡು ಸುತ್ತುವರಿದಾಗ ಒಳಗಿನವರು ಹಸಿದು ಹಸಿದು ಕೊನೆಗೆ ತಾವಾಗಿಯೇ ಊರು ಒಪ್ಪಿಸಿದ ಪಾಠವನ್ನು ಶಾಲೆಯಲ್ಲಿ ನಾನೂ ಓದಿದ್ದೆ. ನಮ್ಮ ಮನೆಯಲ್ಲಿ ಆ ಪಾಠದ ಮಾತು ಯಾರೂ ಎತ್ತುತ್ತಿರಲಿಲ್ಲ.

ಆಗ ನೋಡಿದೆ, ಅವರು ಮುಂದಿನ ಮೆಟ್ಟಿಲಿಗೆ ಕಾಲೆತ್ತಲು ಒದ್ದಾಡುತ್ತಿದ್ದರು. ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ಮಂಡಿ ಹೋಗಿ ವರ್ಷವಾಯಿತಂತೆ. ಸುಣ್ಣ ಹಚ್ಚಿದ ದಿನ ಕೆಳಗೆ ಬಾರದೆ ಬಾಲ್ಕನಿಯಲ್ಲಿ ಕೂತದ್ದು ಇದಕ್ಕೆ. ಡಾಕ್ಟರು ಲಿಫ್ಟ್ ಇರುವ ಮನೆಗೆ ಹೋಗ್ರಿ ಎಂದು ಹೇಳಿ ಹೇಳಿ ಸಾಕಾಗಿದ್ದರಂತೆ.

"ಮತ್ತೆ ಮೊದಲೇ ಯಾಕೆ ಸಹಿ ಹಾಕಲಿಲ್ಲ?"

"ನೀನು ಗೋಡೆ ಗೋಡೆ ಅಂತ ಕುಣೀತಿದ್ದೆ. ನಾನು ಹೋಗ್ತೀನಿ ಅಂದ್ರೆ ನಿನಗೆ ಗೋಡೆನೇ ಬಿದ್ದ ಹಾಗೆ ಆಗ್ತಿತ್ತು. ನಿನ್ನ ಬಿಟ್ಟು ಹೋಗೋಕೆ ನನಗೂ ಮನಸ್ಸಿರಲಿಲ್ಲ." ಮೆಟ್ಟಿಲ ಮೇಲೆಯೇ ಕೂತರು. "ಸತ್ಯ ಹೇಳು, ನಿನಗೆ ಬೇಕಾಗಿರೋದು ಗೋಡೆನಾ, ನಾನಾ?"

ಇಂಥ ಪ್ರಶ್ನೆಗೆ ನಾನು ಕಣ್ಣಿನಿಂದಲೇ ಉತ್ತರ ಕೊಡುವವಳು, ಅವರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ನಾನು ಅವರಿಗಾಗಿ ಗೋಡೆ ಕಾಯುತ್ತಿದ್ದೆ, ಅವರು ನನಗಾಗಿ ಕಾಯುತ್ತಿದ್ದರು. ಮುತ್ತಿಗೆ ಹಾಕಿದವರು ಯಾರೂ ಇರಲೇ ಇಲ್ಲ.

ಅತ್ತು ಮುಗಿದ ಮೇಲೆ ನಾನು ನಾನಾದೆ. ಮರುದಿನವೇ ಸಹಿ ಹಾಕಿ, ಬೆಡೋಕ್‌ನ ಮನೆ ಏಜೆಂಟರ ಬೆನ್ನು ಬಿದ್ದೆ. ನನ್ನ ಷರತ್ತು ಸರಳವಾಗಿತ್ತು: ಒಂದೇ ಮಹಡಿ, ಒಂದೇ ಕಾರಿಡಾರು, ಅಕ್ಕಪಕ್ಕ ಎರಡು ಮನೆ, ಲಿಫ್ಟಿನ ಬಾಗಿಲು ಹತ್ತಿರ. ಹಾಗೆ ಸಿಗುವುದಿಲ್ಲ ಮೇಡಂ ಎಂದವರಿಗೆಲ್ಲ ಮೂರು ಸಲ ಮುತ್ತಿಗೆ ಹಾಕಿದೆ. ಕೊನೆಗೆ ಒಬ್ಬ ಏಜೆಂಟ್ ನನ್ನ ಫೋನು ನೋಡಿದರೇ ಬೆವರುತ್ತಿದ್ದನೆಂದು ಬಸವರಾಜ್ ಹೇಳುತ್ತಾರೆ. ಸಿಕ್ಕಿತು. ಪೂಲ್ ಇಲ್ಲ, ಕೆಳಗೆ ಕೂತು ಹರಟಲು ವಾಯ್ಡ್ ಡೆಕ್ ಎಂಬ ತೆರೆದ ಜಗಲಿ ಇದೆ, ಹತ್ತಿರದಲ್ಲೇ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳು. ಬಸವರಾಜ್ ಇಂದಿಗೂ ಪಾಸಿರ್ ಪಂಜಾಂಗಿಗೆ ದ್ವೀಪ ದಾಟಿಯೇ ಹೋಗುತ್ತಾರೆ, ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿದ್ದೆ ಮಾಡುತ್ತಾರೆ, ಅವರಿಗೆ ಅದೇ ಪೂಲು. ನಿಸಿಬಿಸ್‌ನವರು ತಮ್ಮ ಬಿಷಪ್ಪರ ಎಲುಬು ಹೊತ್ತುಕೊಂಡು ಹೋದರು. ನಾನು ನನ್ನ ಟೀಚರನ್ನು ಜೀವಸಮೇತ ಕರೆದುಕೊಂಡು ಬಂದೆ, ನೋಯುವ ಮಂಡಿಯ ಎಲುಬೂ ಸೇರಿ.

ಹಾಲು ಉಕ್ಕಿಸುವುದು ನಮ್ಮಲ್ಲೂ ಇದೆ, ತಿರುವಲ್ಲಾದಲ್ಲೂ ಇದೆ. ಎರಡೂ ಮನೆಯಲ್ಲಿ ಒಂದೇ ಬೆಳಗ್ಗೆ ಇಟ್ಟೆವು. ನಮ್ಮ ಪಾತ್ರೆಗೆ ನಾನು ವಿಭೂತಿ ಹಚ್ಚಿದೆ, ತಮ್ಮ ಪಾತ್ರೆಯ ಮೇಲೆ ಟೀಚರ್ ಶಿಲುಬೆಯ ಗುರುತು ಮಾಡಿ ಸುರಿಯಾನಿಯಲ್ಲಿ ಏನೋ ಹೇಳಿದರು. ಅನು ಎರಡೂ ಅಡುಗೆಮನೆಗಳ ನಡುವೆ ಓಡಾಡಿ "ಉಕ್ತು! ಇಲ್ಲೂ ಉಕ್ತು!" ಎಂದು ಕೂಗುತ್ತಿದ್ದಳು. ಲಿಮ್ ಅಂಕಲ್ ಮತ್ತೆ ಒಂದು ಬುಟ್ಟಿ ಕಿತ್ತಳೆ ತಂದಿದ್ದರು. ಈ ಸಲ ನಾನೂ ತಿಂದೆ.

ಆ ಬೆಳಗ್ಗೆ ಟೀಚರ್ ಉಡುಗೊರೆ ಎಂದು ಆ ನಕ್ಷೆಯನ್ನು ತಂದು ಕೊಟ್ಟರು. ಫ್ರಿಜ್ಜಿಗೆ ಅಂಟಿಸುವಾಗ, "ಇರು" ಎಂದು ಅನುವಿನ ಪೆನ್ಸಿಲ್ ತೆಗೆದುಕೊಂಡು, ಹೆಬ್ಬಾಗಿಲಿನ ಹೊರಗೆ, ರಸ್ತೆಯ ಪಕ್ಕ, ಒಂದಕ್ಕೊಂದು ತಾಗುವಂತೆ ಎರಡು ಪುಟ್ಟ ಚೌಕ ಬರೆದರು.

"ಇವೇನು ಟೀಚರ್?"

"ನಮ್ಮ ಮನೆಗಳು."

ನಾನು ಬಗ್ಗಿ ನೋಡಿದೆ. ಹಳೇ ಚಾಳಿ, ಬಿಡುತ್ತದೆಯೇ? "ಇವಕ್ಕೆ ಸುತ್ತ ಗೋಡೆ ಹಾಕಲೇ ಇಲ್ಲವಲ್ಲ?"

ಟೀಚರ್ ಹಾಲಿನ ಲೋಟ ತುಟಿಗೆ ತಂದವರು ಅಲ್ಲೇ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನಿದ್ದೀಯಲ್ಲ" ಎಂದರು.